ಡಿಗ್ರಿ ಓದುತ್ತಿರುವಾಗ ಸ್ಕಾಲರ್‌ಶಿಪ್ ಪಡೆಯುವುದು ಹೇಗೆ: ಕಲಬುರಗಿ, ಬೀದರ್, ಯಾದಗಿರಿ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೈತಪ್ಪುವುದು ಬಹಳ ಸಲ ಸಣ್ಣ ಕಾರಣಕ್ಕೆ. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆಗಿರುತ್ತದೆ. ಬ್ಯಾಂಕಿನಲ್ಲಿ ಆಧಾರ್ ಸೀಡ್, ಅಂದರೆ ಸರ್ಕಾರದ ಹಣ ಬರುವಂತೆ ಜೋಡಣೆ, ಆಗಿರುವುದಿಲ್ಲ. ಇಲ್ಲಾ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಇದೆಲ್ಲ ಗೊತ್ತಾಗುವುದು ಅರ್ಜಿಯ ಕೊನೇ ವಾರದಲ್ಲಿ. ಆಗ ಸರ್ವರ್ ನಿಧಾನ, ಸೈಬರ್ ಸೆಂಟರ್ ಮುಂದೆ ಸಾಲು, ನಾಡಕಚೇರಿಯಲ್ಲಿ ಇನ್ನೂ ದೊಡ್ಡ ಸಾಲು.

ಅದಕ್ಕೇ ಈ ಬರಹದಲ್ಲಿ ಅರ್ಜಿ ತುಂಬುವುದಕ್ಕಿಂತ ಅದರ ಹಿಂದಿನ ತಯಾರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ತಯಾರಿ ಸರಿ ಇದ್ದರೆ ಅರ್ಜಿ ಅರ್ಧ ಗಂಟೆಯ ಕೆಲಸ. ಇದು ಈಗಾಗಲೇ ಕಾಲೇಜಿಗೆ ಸೇರಿರುವವರಿಗೆ ಬರೆದದ್ದು. ಬಿಎ, ಬಿಕಾಂ, ಬಿಎಸ್ಸಿ, ಬಿಇ, ನರ್ಸಿಂಗ್, ಡಿಪ್ಲೊಮಾ, ಎಂಎ ಯಾವುದಾದರೂ ಇರಲಿ. ಮೊದಲ ವರ್ಷ ಅರ್ಜಿ ಹಾಕಲಿಲ್ಲ, ಇನ್ನು ಮುಗಿಯಿತು ಅಂದುಕೊಂಡು ಕೂತವರೂ ಓದಿ. ಎರಡನೇ ವರ್ಷದಲ್ಲೂ ಹಾಕಬಹುದಾದದ್ದು ಸಾಕಷ್ಟಿದೆ.

ಮೊದಲು ನಿಮ್ಮ ಬಾಗಿಲು ಯಾವುದು ಗೊತ್ತುಮಾಡಿಕೊಳ್ಳಿ

ಸರ್ಕಾರದ ಸ್ಕಾಲರ್‌ಶಿಪ್‌ಗಳಿಗೆ ಮುಖ್ಯವಾಗಿ ಎರಡು ಬಾಗಿಲು. ಒಂದು ರಾಜ್ಯ ಸರ್ಕಾರದ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಎಲ್ಲರೂ ಎಸ್‌ಎಸ್‌ಪಿ ಅನ್ನುತ್ತಾರೆ. ಇನ್ನೊಂದು ಕೇಂದ್ರ ಸರ್ಕಾರದ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್, ಎನ್‌ಎಸ್‌ಪಿ. ಮೂರನೆಯದು ಕಂಪನಿ ಮತ್ತು ಟ್ರಸ್ಟ್‌ಗಳದ್ದು. ಅದರ ಮಾತು ಆಮೇಲೆ.

ಎಸ್‌ಎಸ್‌ಪಿ ಒಂದೇ ಪೋರ್ಟಲ್ ಆದರೂ ಅದರ ಹಿಂದೆ ಹಲವು ಇಲಾಖೆಗಳಿವೆ. ಪರಿಶಿಷ್ಟ ಜಾತಿಯವರ ಅರ್ಜಿ ಸಮಾಜ ಕಲ್ಯಾಣ ಇಲಾಖೆಗೆ ಹೋಗುತ್ತದೆ. ಪರಿಶಿಷ್ಟ ಪಂಗಡದವರದ್ದು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಗೆ. ಪ್ರವರ್ಗ-1, 2ಎ, 3ಎ, 3ಬಿಯವರದ್ದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ. ಮುಸ್ಲಿಂ, ಕ್ರೈಸ್ತ, ಜೈನ, ಬೌದ್ಧ, ಸಿಖ್ ವಿದ್ಯಾರ್ಥಿಗಳದ್ದು ಅಲ್ಪಸಂಖ್ಯಾತರ ಇಲಾಖೆಗೆ. ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ ಇದೆ. ನೀವು ಜಾತಿ, ಆದಾಯ, ಕೋರ್ಸಿನ ವಿವರ ಕೊಟ್ಟರೆ ಸಾಕು, ಅರ್ಜಿ ಯಾವ ಇಲಾಖೆಗೆ ಹೋಗಬೇಕು ಅಂತ ಪೋರ್ಟಲ್ಲೇ ನೋಡಿಕೊಳ್ಳುತ್ತದೆ.

ಜಾತಿಯ ಲೆಕ್ಕ ಬಿಟ್ಟು ಅಪ್ಪ ಅಮ್ಮನ ಕೆಲಸ ನೋಡಿ ಕೊಡುವ ಸ್ಕಾಲರ್‌ಶಿಪ್‌ಗಳೂ ಇವೆ. ನಮ್ಮ ಮೂರೂ ಜಿಲ್ಲೆಗಳಿಗೆ ಇವು ಬಹಳ ಮುಖ್ಯ. ಆದರೆ ಕೇಳುವವರು ಕಡಿಮೆ.

ಒಂದು, ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ. ಆಗ ನಿಗದಿ ಮಾಡಿದ ಮೊತ್ತ ಹೀಗಿತ್ತು: ಬಿಎ, ಬಿಎಸ್ಸಿ, ಬಿಕಾಂ ತರಹದ ಡಿಗ್ರಿಗೆ ಹುಡುಗರಿಗೆ 5,000 ರೂಪಾಯಿ, ಹುಡುಗಿಯರಿಗೆ 5,500. ಕಾನೂನು, ನರ್ಸಿಂಗ್, ಪ್ಯಾರಾಮೆಡಿಕಲ್‌ಗೆ 7,500 ಮತ್ತು 8,000. ಎಂಬಿಬಿಎಸ್, ಬಿಇ ಮತ್ತು ಸ್ನಾತಕೋತ್ತರಕ್ಕೆ 10,000 ಮತ್ತು 11,000. ಇದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ಇಲ್ಲೇ ನಮ್ಮ ಹಳ್ಳಿಗಳ ದೊಡ್ಡ ತೊಡಕು. ಅಪ್ಪ ಮೂವತ್ತು ವರ್ಷದಿಂದ ಹೊಲ ಮಾಡುತ್ತಿರುತ್ತಾನೆ, ಪಹಣಿ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ. ಪೌತಿ ಖಾತೆ ಮಾಡಿಸದೆ ಆ ಜಮೀನು ಅಪ್ಪನ ಫ್ರೂಟ್ಸ್ ಐಡಿಗೆ ಸೇರುವುದಿಲ್ಲ. ಇದು ಒಂದು ವಾರದಲ್ಲಿ ಆಗುವ ಕೆಲಸ ಅಲ್ಲ. ಈ ವರ್ಷಕ್ಕೆ ಆಗದಿದ್ದರೂ ಮುಂದಿನ ವರ್ಷಕ್ಕಾದರೂ ಆಗಲಿ ಅಂತ ಈಗಲೇ ಅರ್ಜಿ ಕೊಡಿಸಿ. ಬೆಳೆ ವಿಮೆ, ಪರಿಹಾರ ಎಲ್ಲಕ್ಕೂ ಅದೇ ಬೇಕಾಗುತ್ತದೆ, ಅಲ್ವಾ? ಈ ಸಾಲಿನಲ್ಲಿ ಯೋಜನೆ ಯಾರಿಗೆ ಅನ್ವಯಿಸುತ್ತದೆ ಅನ್ನುವುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

ಎರಡು, ಕಾರ್ಮಿಕರ ಮಕ್ಕಳಿಗೆ ಕೊಡುವ ಶೈಕ್ಷಣಿಕ ಸಹಾಯಧನ. ಯಾದಗಿರಿ, ಸುರಪುರ, ಚಿಂಚೋಳಿ, ಔರಾದ್ ಕಡೆಯಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳು ಎಷ್ಟಿಲ್ಲ! ಅಪ್ಪ ಅಥವಾ ಅಮ್ಮ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ಲೇಬರ್ ಕಾರ್ಡ್ ಚಾಲ್ತಿಯಲ್ಲಿದ್ದರೆ ಮಕ್ಕಳ ಓದಿಗೆ ಸಹಾಯ ಸಿಗುತ್ತದೆ. ಕಾರ್ಡ್ ಇದ್ದೂ ರಿನ್ಯೂವಲ್ ಆಗಿರದಿದ್ದರೆ ಅರ್ಜಿ ಮುಂದೆ ಹೋಗದು. ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ಬೇರೆ ಯೋಜನೆ ಇದೆ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರು ಫ್ಯಾಕ್ಟರಿ ಆಫೀಸಿನಲ್ಲಿ ವಿಚಾರಿಸಬೇಕು. ಅವರ ಸಹಿ, ನೋಂದಣಿ ವಿವರ ಇಲ್ಲದೆ ಅದು ಆಗುವುದಿಲ್ಲ.

ಮೂರನೆಯದು ಹಾಸ್ಟೆಲ್ ಸಿಗದವರಿಗೆ. ಹಿಂದುಳಿದ ವರ್ಗದ ಹಾಸ್ಟೆಲ್‌ಗೆ ಅರ್ಜಿ ಹಾಕಿ ಸೀಟು ಸಿಗದೆ ರೂಮ್ ಮಾಡಿಕೊಂಡು ಓದುವವರಿಗೆ ವಿದ್ಯಾಸಿರಿ ಯೋಜನೆ ಇದೆ. ಯೋಜನೆ ಶುರುವಾದಾಗ ನಿಗದಿಯಾದದ್ದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ವರ್ಷಕ್ಕೆ 15,000 ರೂಪಾಯಿ. ಹಾಸ್ಟೆಲ್ ಅರ್ಜಿಯ ಪೋರ್ಟಲ್ ಬೇರೆ, ಸ್ಕಾಲರ್‌ಶಿಪ್ ಪೋರ್ಟಲ್ ಬೇರೆ. ಒಂದರಲ್ಲಿ ಹಾಕಿದರೆ ಇನ್ನೊಂದರಲ್ಲಿ ಹಾಕಿದಂತೆ ಆಗುವುದಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. 371ಜೆ ಪ್ರಮಾಣಪತ್ರ ಇದ್ದರೆ ಸ್ಕಾಲರ್‌ಶಿಪ್ ಸಿಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಕಲ್ಯಾಣ ಕರ್ನಾಟಕದವರಿಗೆ ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಕೊಡುವ ಅರ್ಹತಾ ಪತ್ರ. ಎಸ್‌ಎಸ್‌ಪಿಗೆ ಬೇಕಾದದ್ದು ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಎರಡನ್ನೂ ಒಂದೇ ಫೈಲಿನಲ್ಲಿಡಿ, ಆದರೆ ಒಂದರ ಬದಲು ಇನ್ನೊಂದನ್ನು ಹಿಡಿದುಕೊಂಡು ಹೋಗಬೇಡಿ.

ಹೆಸರು: ಎಲ್ಲ ತಂಟೆಯ ಮೂಲ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಕಾಲೇಜಿನ ದಾಖಲೆ. ಈ ನಾಲ್ಕನ್ನೂ ಟೇಬಲ್ ಮೇಲೆ ಸಾಲಾಗಿ ಇಡಿ. ಇಂಗ್ಲಿಷಿನಲ್ಲಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಕಣ್ಣಾಡಿಸಿದರೆ ಸಾಲದು, ಬೆರಳಿಟ್ಟು ಓದಿ.

ನಮ್ಮ ಕಡೆಯ ಹೆಸರುಗಳು ಇಂಗ್ಲಿಷಿಗೆ ಹೋದಾಗ ಏನಾಗುತ್ತದೆ ನೋಡಿ. ಶರಣಬಸಪ್ಪ ಅನ್ನುವ ಹೆಸರನ್ನೇ ತಗೊಳ್ಳಿ. ಶಾಲೆಯ ಮಾಸ್ತರು 'ರ' ಆದ ಮೇಲೆ ಒಂದು 'ಎ', 'ಣ' ಆದ ಮೇಲೆ ಇನ್ನೊಂದು 'ಎ' ಹಾಕಿ ಉದ್ದಕ್ಕೆ ಬರೆದಿರುತ್ತಾರೆ. ಆಧಾರ್ ಸೆಂಟರಿನವನು ಎರಡನೇ 'ಎ' ಬಿಟ್ಟಿರುತ್ತಾನೆ. ಬ್ಯಾಂಕಿನವರು ಮೊದಲನೆಯದನ್ನೇ ನುಂಗಿರುತ್ತಾರೆ. ಒಂದು ಕಡೆ ಕೊನೆಗೆ ಒಂದು 'ಪಿ', ಇನ್ನೊಂದು ಕಡೆ ಎರಡು. ಮಹಮ್ಮದ್ ಅನ್ನುವುದು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ 'ಎಂಡಿ'. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಅಪ್ಪನ ಹೆಸರಿದ್ದರೆ ಆಧಾರ್‌ನಲ್ಲಿ ಬಿರಾದಾರ, ಪಾಟೀಲ ಅಂತ ಮನೆತನದ ಹೆಸರು. ಊರಿನವರಿಗೆ ಇದೆಲ್ಲ ಒಂದೇ ಮನುಷ್ಯ. ಕಂಪ್ಯೂಟರಿಗೆ ಮೂವರು.

ಯಾವುದನ್ನು ತಿದ್ದಿಸಬೇಕು? ನನ್ನ ಸಲಹೆ ಒಂದೇ: ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಳ್ಳಿ, ಉಳಿದ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ಶಾಲೆ ಮತ್ತು ಬೋರ್ಡ್ ಮೂಲಕ ಆಗಬೇಕಾದ ಉದ್ದದ ಕೆಲಸ. ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಆಧಾರ್ ಕೇಂದ್ರದಲ್ಲಿ ಪರದೆ ಮೇಲೆ ಟೈಪ್ ಆದದ್ದನ್ನು ನೀವೇ ಓದಿ, ಆಮೇಲೆ ಹೂಂ ಅನ್ನಿ. ಅಂಕಪಟ್ಟಿಯಲ್ಲೇ ದೊಡ್ಡ ತಪ್ಪಿದ್ದರೆ ಮಾತ್ರ ಅದನ್ನು ತಿದ್ದಿಸಿ. ಮುಂದೆ ನೌಕರಿಗೂ ಅದು ಕಾಡುತ್ತದೆ.

ಆಧಾರ್ ಕೇಂದ್ರಕ್ಕೆ ಹೋದಾಗಲೇ ಮೊಬೈಲ್ ನಂಬರನ್ನೂ ನೋಡಿಕೊಳ್ಳಿ. ಬಹಳ ಮಕ್ಕಳ ಆಧಾರ್‌ಗೆ ಅಪ್ಪನ ಹಳೇ ನಂಬರ್ ಇರುತ್ತದೆ. ಅಪ್ಪ ಪುಣೆಯಲ್ಲಿ ಯಾವುದೋ ಕಟ್ಟಡದ ಆರನೇ ಮಹಡಿಯಲ್ಲಿ ಸೆಂಟ್ರಿಂಗ್ ಕೆಲಸದಲ್ಲಿರುತ್ತಾನೆ, ಓಟಿಪಿ ಅವನ ಫೋನಿಗೆ ಹೋಗುತ್ತದೆ. ಅವನು ನೋಡಿ ಹೇಳುವ ಹೊತ್ತಿಗೆ ಓಟಿಪಿಯ ಸಮಯ ಮುಗಿದಿರುತ್ತದೆ. ನಿಮ್ಮದೇ ನಂಬರ್ ಸೇರಿಸಿ, ಓದು ಮುಗಿಯುವವರೆಗೂ ಆ ಸಿಮ್ ಬದಲಿಸಬೇಡಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ

ಇದು ನಾಡಕಚೇರಿಯ ಕೆಲಸ. ಆನ್‌ಲೈನಿನಲ್ಲೂ ಹಾಕಬಹುದು, ಗ್ರಾಮ ಒನ್ ಕೇಂದ್ರದಲ್ಲೂ ಹಾಕಬಹುದು. ಆಧಾರ್, ರೇಷನ್ ಕಾರ್ಡ್, ಅಪ್ಪನ ಅಥವಾ ನಿಮ್ಮ ಶಾಲಾ ದಾಖಲೆ ತಗೊಂಡು ಹೋಗಿ. ಅರ್ಜಿ ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವರದಿಗೆ ಹೋಗಿ ಬರುತ್ತದೆ, ಆಮೇಲೆ ತಹಶೀಲ್ದಾರ್ ಕಡೆಯಿಂದ ಪತ್ರ ಬರುತ್ತದೆ. ತೊಗರಿ ರಾಶಿ ಶುರುವಾದ ಮೇಲೆ ಮನೆಯವರಿಗೆ ಕಚೇರಿಗೆ ಓಡಾಡಲು ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲೇ, ಕಾಲೇಜ್ ಶುರುವಾದ ಕೂಡಲೇ ಮಾಡಿಸಿಬಿಡಿ.

ಪ್ರಮಾಣಪತ್ರದ ಮೇಲೆ 'ಆರ್‌ಡಿ' ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಎಸ್‌ಎಸ್‌ಪಿಗೆ ಬೇಕಾದದ್ದು ಆ ನಂಬರ್. ಅದನ್ನು ಹಾಕಿದರೆ ನಿಮ್ಮ ಜಾತಿ, ಆದಾಯ ಎಲ್ಲ ತಾನೇ ಬರುತ್ತದೆ. ಟೈಪ್ ಮಾಡುವಾಗ ಸೊನ್ನೆಯ ಬದಲು ಇಂಗ್ಲಿಷಿನ 'ಓ' ಒತ್ತುವುದು ತೀರಾ ಸಾಮಾನ್ಯ. 'ಆರ್‌ಡಿ' ಎರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅಂಕಿಗಳೇ. 'ದಾಖಲೆ ಸಿಗಲಿಲ್ಲ' ಅಂತ ಬಂದರೆ ಮೊದಲು ಇದನ್ನೇ ನೋಡಿ.

ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಪಿಯುಸಿಗೆ ಸೇರುವಾಗ ಮಾಡಿಸಿದ್ದು ಡಿಗ್ರಿ ಕೊನೇ ವರ್ಷದಲ್ಲಿ ಮುಗಿಯುವ ಸಾಧ್ಯತೆ ಇರುತ್ತದೆ. ದಿನಾಂಕ ಈಗಲೇ ಬರೆದಿಟ್ಟುಕೊಳ್ಳಿ. ಆದಾಯದ ಮಿತಿ ಇಲಾಖೆಗೊಂದು ಇದೆ. ಪರಿಶಿಷ್ಟ ಜಾತಿಯ ಕೇಂದ್ರ ಪುರಸ್ಕೃತ ಪೋಸ್ಟ್ ಮೆಟ್ರಿಕ್ (ಹತ್ತನೇ ತರಗತಿ ನಂತರದ ಓದಿನ) ಯೋಜನೆಗೆ ಮನೆಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ ನೋಡಿ ಮಿತಿ ಬೇರೆ ಇರಬಹುದು. ಆ ವರ್ಷದ ಪ್ರಕಟಣೆ ನೋಡಿಯೇ ಮುಂದುವರಿಯಿರಿ.

ಗಡಿ ಊರಿನವರಿಗೆ ಒಂದು ಮಾತು. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದೆ. ಆಚೆ ಕಡೆಯ ಸೋದರಮಾವ ಹೇಳಿದ ಸ್ಕಾಲರ್‌ಶಿಪ್ ಈಚೆ ಕಡೆಯ ತಾಂಡಾದ ಹುಡುಗನಿಗೆ ನಡೆಯುವುದಿಲ್ಲ. ನಿಮ್ಮ ತಹಶೀಲ್ದಾರ್ ಕೊಟ್ಟ ಪತ್ರವೇ ಲೆಕ್ಕಕ್ಕೆ ಬರುವುದು. ಬೀದರಿನಿಂದ ಹೈದರಾಬಾದಿಗೋ ಲಾತೂರಿಗೋ ಹೋಗಿ ಓದುವವರು ಅಲ್ಲಿ ಫೀಸು ಕಟ್ಟುವ ಮೊದಲೇ ನಮ್ಮ ಜಿಲ್ಲೆಯ ಇಲಾಖೆ ಕಚೇರಿಯಲ್ಲಿ ಕೇಳಿ, ಹೊರರಾಜ್ಯದ ಕಾಲೇಜು ನಡೆಯುತ್ತದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ.

ಬ್ಯಾಂಕ್ ಖಾತೆ: ಲಿಂಕ್ ಬೇರೆ, ಸೀಡಿಂಗ್ ಬೇರೆ

ಈಗ ಸ್ಕಾಲರ್‌ಶಿಪ್ ಹಣ ಅಕೌಂಟ್ ನಂಬರ್ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಅನ್ನುವ ಪಟ್ಟಿಯನ್ನು ಎನ್‌ಪಿಸಿಐ ಅನ್ನುವ ಸಂಸ್ಥೆ ಇಟ್ಟುಕೊಂಡಿದೆ. ಆ ಪಟ್ಟಿಯಲ್ಲಿ ಹೆಸರು ಸೇರುವುದಕ್ಕೆ ಆಧಾರ್ ಸೀಡಿಂಗ್ ಅನ್ನುತ್ತಾರೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸಿದ್ದೀರಿ ಅಂದರೆ ಲಿಂಕ್ ಆಗಿದೆ ಅಷ್ಟೇ. ಸೀಡಿಂಗ್‌ಗೆ ಬೇರೆ ಒಪ್ಪಿಗೆ ಫಾರಂ ಇದೆ. ಕೌಂಟರಿನಲ್ಲಿ 'ಆಧಾರ್ ಲಿಂಕ್ ಮಾಡಿ' ಅನ್ನುವ ಬದಲು 'ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ, ಸ್ಕಾಲರ್‌ಶಿಪ್ ಬರಬೇಕು' ಅನ್ನಿ.

ಆಗಿದೆಯೋ ಇಲ್ಲವೋ ನೋಡುವುದು ಸುಲಭ. ಮೈ ಆಧಾರ್ ವೆಬ್‌ಸೈಟಿಗೆ ಓಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತದೆ. ಯಾವ ಬ್ಯಾಂಕ್, ಆ್ಯಕ್ಟಿವ್ ಇದೆಯೋ ಇಲ್ಲವೋ ತೋರಿಸುತ್ತದೆ. ಡಿಬಿಟಿ ಕರ್ನಾಟಕ ಅನ್ನುವ ಆ್ಯಪ್‌ನಲ್ಲೂ ನೋಡಬಹುದು.

ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಸೀಡ್ ಆಗುತ್ತದೆ. ಕೊನೆಗೆ ಒಪ್ಪಿಗೆ ಕೊಟ್ಟ ಖಾತೆಗೇ ಹಣ ಹೋಗುತ್ತದೆ. ಸಿಮ್ ಅಂಗಡಿಯಲ್ಲಿ ಬೆರಳೊತ್ತಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆಗೆಸಿ ಮರೆತವರ ಹಣ ಅಲ್ಲಿಗೇ ಹೋಗಿ ಕೂತಿರುತ್ತದೆ. ಹಣ ಬಂದಿಲ್ಲ ಅಂತ ಕಾಲೇಜಿಗೂ ಇಲಾಖೆಗೂ ಅಲೆಯುವ ಮೊದಲು ಆ ಖಾತೆ ನೋಡಿ.

ಶಾಲೆಯಲ್ಲಿದ್ದಾಗ ತೆಗೆದ ಖಾತೆಗಳ ಕತೆಯೇ ಬೇರೆ. ಹಲವು ವರ್ಷ ವ್ಯವಹಾರ ಇಲ್ಲದೆ ಅವು ನಿಂತುಹೋಗಿರುತ್ತವೆ, ಅಥವಾ ಮೈನರ್ ಖಾತೆಯಾಗಿಯೇ ಉಳಿದಿರುತ್ತವೆ. ಕೆಲವರ ಬಳಿ ಇನ್ನೂ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಪಾಸ್‌ಬುಕ್ ಇದೆ. ಆ ಬ್ಯಾಂಕ್ 2017ರಲ್ಲೇ ಎಸ್‌ಬಿಐಗೆ ಸೇರಿತು. ಪಾಸ್‌ಬುಕ್ ತಗೊಂಡು ಶಾಖೆಗೆ ಹೋಗಿ, ಕೆವೈಸಿ ಹೊಸದಾಗಿ ಕೊಟ್ಟು, ನೂರು ರೂಪಾಯಿ ಕಟ್ಟಿ ಖಾತೆಗೆ ಜೀವ ತುಂಬಿಸಿ. ಬ್ಯಾಂಕ್ ದೂರ ಇದ್ದರೆ ಅಂಚೆ ಕಚೇರಿಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಸುಲಭದ ದಾರಿ. ಪೋಸ್ಟ್‌ಮ್ಯಾನ್ ಊರಲ್ಲೇ ಖಾತೆ ತೆಗೆದು ಸೀಡಿಂಗ್ ಕೂಡ ಮಾಡಿಕೊಡುತ್ತಾರೆ.

ಎಸ್‌ಎಸ್‌ಪಿಯಲ್ಲಿ ಅರ್ಜಿ, ಹಂತ ಹಂತವಾಗಿ

1. ಸರಿಯಾದ ವೆಬ್‌ಸೈಟಿಗೆ ಹೋಗಿ. ಗೂಗಲ್‌ನಲ್ಲಿ ಹುಡುಕಿದರೆ ಅದೇ ಹೆಸರಿನ ಹತ್ತು ಪುಟ ಬರುತ್ತವೆ. ವಿಳಾಸದ ಕೊನೆಯಲ್ಲಿ ಕರ್ನಾಟಕ ಡಾಟ್ ಗೌ ಡಾಟ್ ಇನ್ ಇರಬೇಕು. ಕಾಲೇಜಿನವರಿಗೆ ಪೋಸ್ಟ್ ಮೆಟ್ರಿಕ್ ವಿಭಾಗ. ಪ್ರಿ ಮೆಟ್ರಿಕ್ ಶಾಲಾ ಮಕ್ಕಳದ್ದು.

2. ಖಾತೆ ಸೃಷ್ಟಿಸಿ. ಆಧಾರ್ ವಿವರ ಕೊಟ್ಟರೆ ಓಟಿಪಿ ಬರುತ್ತದೆ, ಆಮೇಲೆ ವಿದ್ಯಾರ್ಥಿ ಐಡಿ ಸಿಗುತ್ತದೆ. ಪಿಯುಸಿಯಲ್ಲಿ ಅರ್ಜಿ ಹಾಕಿದ್ದರೆ ಐಡಿ ಮೊದಲೇ ಇರುತ್ತದೆ, ಹೊಸದು ಮಾಡಲು ಹೋಗಬೇಡಿ. ಪಾಸ್‌ವರ್ಡ್ ಮರೆತಿದ್ದರೆ ಬದಲಿಸಿಕೊಳ್ಳಿ. ಪಾಸ್‌ವರ್ಡ್ ನೋಟ್‌ಬುಕ್ಕಿನಲ್ಲಿ ನೀವೇ ಬರೆದಿಟ್ಟುಕೊಳ್ಳಿ. ಸೈಬರ್ ಸೆಂಟರಿನವನ ಬಳಿ ಬಿಟ್ಟರೆ ಪ್ರತಿ ವರ್ಷ ಅವನ ಮುಂದೆಯೇ ನಿಲ್ಲಬೇಕಾಗುತ್ತದೆ.

3. ವೈಯಕ್ತಿಕ ವಿವರ ತುಂಬಿ. ಅಪ್ಪ ಅಮ್ಮನ ವಿವರ, ಆರ್‌ಡಿ ನಂಬರ್‌ಗಳು, ಅಂಗವಿಕಲತೆ ಇದ್ದರೆ ಯುಡಿಐಡಿ ಕಾರ್ಡ್ ನಂಬರ್. ಅಪ್ಪ ತೀರಿಹೋಗಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಪೋಷಕರ ವಿವರ ಕೊಡಿ.

4. ಕಾಲೇಜಿನ ವಿವರ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಯುಯುಸಿಎಂಎಸ್ ವ್ಯವಸ್ಥೆ ಬಂದ ಮೇಲೆ ರಾಜ್ಯದ ವಿಶ್ವವಿದ್ಯಾಲಯಗಳ ಡಿಗ್ರಿ ವಿದ್ಯಾರ್ಥಿಗಳ ದಾಖಲೆ ಅಲ್ಲೇ ಇರುತ್ತದೆ. ಬಿಇಯವರಿಗೆ ವಿಟಿಯು ಕೊಟ್ಟ ಯುಎಸ್‌ಎನ್ ಅನ್ನುವ ನೋಂದಣಿ ನಂಬರ್ ಇರುತ್ತದೆ. ನಂಬರ್ ಹಾಕಿದಾಗ ನಿಮ್ಮ ಹೆಸರಿನ ಬದಲು ಬೇರೇನೋ ಬಂದರೆ, ಅಥವಾ ಹೋದ ವರ್ಷದ ಸೆಮಿಸ್ಟರ್ ತೋರಿಸಿದರೆ ಅಲ್ಲೇ ನಿಲ್ಲಿಸಿ. ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ನಿಮ್ಮ ದಾಖಲೆ ಸರಿಪಡಿಸಬೇಕು. ನೀವು ಎಷ್ಟು ಸಲ ಒತ್ತಿದರೂ ಅದು ಬದಲಾಗುವುದಿಲ್ಲ.

5. ಫೀಸು ಮತ್ತು ವಾಸದ ವಿವರ. ರಸೀದಿಯಲ್ಲಿ ಇರುವಷ್ಟನ್ನೇ ಹಾಕಿ. ಹಾಸ್ಟೆಲ್‌ನಲ್ಲಿದ್ದು ಡೇ ಸ್ಕಾಲರ್ ಅಂತ ಹಾಕಬೇಡಿ, ಉಲ್ಟಾನೂ ಮಾಡಬೇಡಿ. ಮೊತ್ತ ಇದರ ಮೇಲೆಯೇ ನಿಲ್ಲುತ್ತದೆ. ಉದಾಹರಣೆಗೆ, ಪರಿಶಿಷ್ಟ ಜಾತಿಯ ಕೇಂದ್ರ ಯೋಜನೆಯಲ್ಲಿ ಬಿಎ, ಬಿಎಸ್ಸಿ, ಬಿಕಾಂ ವಿದ್ಯಾರ್ಥಿಗೆ ವರ್ಷದ ಭತ್ಯೆ ಹಾಸ್ಟೆಲ್‌ನಲ್ಲಿದ್ದರೆ 6,000 ರೂಪಾಯಿ, ಮನೆಯಿಂದ ಓಡಾಡಿದರೆ 3,000. ಬಿಇ, ಎಂಬಿಬಿಎಸ್‌ಗೆ 13,500 ಮತ್ತು 7,000. ಫೀಸಿನ ಲೆಕ್ಕ ಇದರ ಹೊರಗೆ. ಫೀಸಿನ ಪಾಲೂ ನಿಮ್ಮ ಖಾತೆಗೇ ಬಂದರೆ ಅದು ಕಾಲೇಜಿಗೆ ಕಟ್ಟಬೇಕಾದ ಹಣ. ಹೊಸ ಫೋನಿಗೆ ಬಂದದ್ದಲ್ಲ.

6. ದಾಖಲೆಗಳ ಇ-ದೃಢೀಕರಣ. ಫೀಸ್ ರಸೀದಿ, ವ್ಯಾಸಂಗ ಪ್ರಮಾಣಪತ್ರ, ಅಂಕಪಟ್ಟಿ ಮೊದಲಾದ ಕಾಗದಗಳನ್ನು ಕಾಲೇಜಿನಲ್ಲಿ ಅದಕ್ಕೆಂದೇ ನೇಮಿಸಿದ ಅಧಿಕಾರಿ ಆನ್‌ಲೈನಿನಲ್ಲಿ ನೋಡಿ ದೃಢೀಕರಿಸುತ್ತಾರೆ. ಮೂಲ ಪ್ರತಿಗಳನ್ನು ಒಯ್ಯಿರಿ. ಮೊಬೈಲಿನಲ್ಲಿ ತೆಗೆದ ನೆರಳು ಬಿದ್ದ ಫೋಟೊ ಕೊಡಬೇಡಿ, ನೇರವಾಗಿ ಸ್ಕ್ಯಾನ್ ಮಾಡಿಸಿ.

7. ಸಲ್ಲಿಸುವ ಮೊದಲು ಪೂರ್ತಿ ಓದಿ, ಆಮೇಲೆ ಸಲ್ಲಿಸಿ. ಸ್ವೀಕೃತಿ ಪತ್ರದ ಎರಡು ಪ್ರಿಂಟ್ ತೆಗೆಯಿರಿ. ಒಂದು ಕಾಲೇಜಿಗೆ, ಒಂದು ನಿಮಗೆ.

ಹಗಲು ಸರ್ವರ್ ಮಿಸುಕದಿದ್ದರೆ ರಾತ್ರಿ ಹತ್ತರ ಮೇಲೆ ಅಥವಾ ಬೆಳಿಗ್ಗೆ ಬೇಗ ಪ್ರಯತ್ನಿಸಿ. ಅರ್ಜಿಗೆ ಸರ್ಕಾರ ಒಂದು ಪೈಸೆಯೂ ಕೇಳುವುದಿಲ್ಲ. ಸೈಬರ್ ಸೆಂಟರಿನವರು ಟೈಪಿಂಗಿಗೆ ತಗೊಳ್ಳುವುದು ಅವರ ಕೂಲಿ. 'ಸ್ಯಾಂಕ್ಷನ್ ಮಾಡಿಸಿ ಕೊಡ್ತೀನಿ, ಬಂದದ್ದರಲ್ಲಿ ಇಷ್ಟು ಕೊಡು' ಅನ್ನುವವನಿಂದ ದೂರ ಇರಿ. ಓಟಿಪಿ ಕೇಳಿ ಫೋನ್ ಬಂದರೆ ಸುಮ್ನೆ ಕಟ್ ಮಾಡಿ.

ಅರ್ಜಿ ಹಾಕಿದ ಮೇಲೆ ಕಾಲೇಜಿನ ಪಾಲು

ಬಹಳ ಮಂದಿ ಅರ್ಜಿ ಸಲ್ಲಿಸಿ ಕೈತೊಳೆದುಕೊಳ್ಳುತ್ತಾರೆ. ಕಾಲೇಜು ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೂತಿರುತ್ತದೆ. ವಿದ್ಯಾರ್ಥಿಗಳಿಗೆ ಒಂದು ಕೊನೇ ದಿನಾಂಕ, ಕಾಲೇಜಿಗೆ ಇನ್ನೊಂದು. ಎರಡನ್ನೂ ತಿಳಿದುಕೊಳ್ಳಿ. ಸ್ಕಾಲರ್‌ಶಿಪ್ ನೋಡಿಕೊಳ್ಳುವ ಕ್ಲರ್ಕ್ ಯಾರು ಅಂತ ಮೊದಲೇ ಗೊತ್ತುಮಾಡಿಕೊಂಡು, ಸ್ವೀಕೃತಿ ಪತ್ರದ ಪ್ರತಿ ಕೊಟ್ಟು, 'ಸರ್, ನನ್ನದು ಫಾರ್ವರ್ಡ್ ಆಯ್ತಾ ನೋಡ್ರಿ' ಅಂತ ಕೇಳಿ. ಒಬ್ಬೊಬ್ಬರೇ ಹೋಗುವ ಬದಲು ಕ್ಲಾಸಿನವರೆಲ್ಲ ಪಟ್ಟಿ ಮಾಡಿಕೊಂಡು ಹೋದರೆ ಕೆಲಸ ಬೇಗ ಆಗುತ್ತದೆ, ಆಫೀಸಿನವರಿಗೂ ಕಿರಿಕಿರಿ ಕಡಿಮೆ.

ಎನ್‌ಎಸ್‌ಪಿ: ಯಾರು ನೋಡಬೇಕು

ಪಿಯುಸಿಯಲ್ಲಿ ಚೆನ್ನಾಗಿ ಅಂಕ ಬಂದು, ಮನೆಯ ಆದಾಯ 4.5 ಲಕ್ಷದ ಒಳಗಿದ್ದರೆ ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ನೋಡಿ. ಡಿಗ್ರಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000 ರೂಪಾಯಿ. ಇಲ್ಲಿ 80 ಪರ್ಸೆಂಟೈಲ್ ಅನ್ನುವ ಷರತ್ತಿದೆ. ಅದು ಶೇಕಡಾ 80 ಅಂಕ ಅಲ್ಲ. ನಿಮ್ಮ ಬೋರ್ಡಿನಲ್ಲಿ ನಿಮ್ಮ ವಿಭಾಗದ ನೂರು ಮಂದಿಯಲ್ಲಿ ಮೇಲಿನ ಇಪ್ಪತ್ತರೊಳಗೆ ಇರಬೇಕು ಅಂತ. ಕಲಾ ವಿಭಾಗಕ್ಕೂ ವಿಜ್ಞಾನಕ್ಕೂ ಅಂಕದ ಗಡಿ ಬೇರೆ. ಡಿಪ್ಲೊಮಾದವರಿಗೆ ಇದು ಇಲ್ಲ. ಹೊಸ ಅರ್ಜಿ ಮೊದಲ ವರ್ಷದಲ್ಲೇ ಹಾಕಬೇಕು. ಮುಂದಿನ ವರ್ಷಗಳಲ್ಲಿ ರಿನ್ಯೂವಲ್‌ಗೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು.

ಎನ್‌ಎಸ್‌ಪಿಯಲ್ಲಿ ಮೊದಲು ಒಟಿಆರ್ ಅಂದರೆ ಒಂದು ಸಲದ ನೋಂದಣಿ ಮಾಡಬೇಕು. ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ದೃಢೀಕರಣ ಮಾಡುವ ವ್ಯವಸ್ಥೆ ಇದೆ. ಬೆಳಕು ಚೆನ್ನಾಗಿರುವ ಕಡೆ ನಿಂತು ಮಾಡಿ.

ತಾಂತ್ರಿಕ ಕೋರ್ಸಿನ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಒಳ್ಳೆಯ ಮೊತ್ತದ್ದು, ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ. ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷದಲ್ಲಿ ಹಾಕಬೇಕು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರೂ ಹಾಕಬಹುದು. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರಿಗೆ ಅಷ್ಟೇ ಮೊತ್ತದ ಸಕ್ಷಮ್ ಇದೆ. ಕಲಬುರಗಿ, ಬೀದರ್‌ನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವ ಹುಡುಗಿಯರು ಪ್ರಗತಿಯನ್ನು ಮೊದಲು ನೋಡಿ, ಆಮೇಲೆ ಉಳಿದದ್ದು.

ಎರಡು ಸರ್ಕಾರಿ ಸ್ಕಾಲರ್‌ಶಿಪ್ ಒಟ್ಟಿಗೆ ತಗೊಳ್ಳಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಲೆಕ್ಕ ಹಾಕಿ ಆರಿಸಿ. ಸರ್ಕಾರಿ ಕಾಲೇಜಿನಲ್ಲಿ ಬಿಎ ಓದುವವನಿಗೆ ಫೀಸು ಕಡಿಮೆ, ಆಗ 12,000 ದೊಡ್ಡದಾಗಿ ಕಾಣಬಹುದು. ಖಾಸಗಿ ಕಾಲೇಜಿನಲ್ಲಿ ನರ್ಸಿಂಗ್ ಓದುವವಳಿಗೆ ಫೀಸು ವಾಪಸಾತಿ ಸಿಗುವ ರಾಜ್ಯದ ಯೋಜನೆಯೇ ಲಾಭ.

ಎರಡನೇ, ಮೂರನೇ ವರ್ಷದವರಿಗೆ

ಎಸ್‌ಎಸ್‌ಪಿಯಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಹೋದ ವರ್ಷ ಬಂದಿದೆ, ಈ ವರ್ಷವೂ ತಾನೇ ಬರುತ್ತದೆ ಅಂತ ಕಾಯಬೇಡಿ. ಮೊದಲ ವರ್ಷ ತಪ್ಪಿಸಿಕೊಂಡವರು ಈ ವರ್ಷ ಹೊಸದಾಗಿ ಹಾಕಬಹುದು. ಹಾಜರಿ ಕಡಿಮೆಯಾದರೆ, ಫೇಲಾಗಿ ಅದೇ ವರ್ಷ ಮತ್ತೆ ಓದಿದರೆ ತೊಂದರೆ ಆಗುತ್ತದೆ. ಸುಗ್ಗಿ ಹೊತ್ತಿನಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗಿ ಕೂತರೆ ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿಯುವುದು ಗೊತ್ತೇ ಆಗುವುದಿಲ್ಲ.

ಖಾಸಗಿ ಸ್ಕಾಲರ್‌ಶಿಪ್

ಸರ್ಕಾರದ್ದು ಯಾವುದೂ ಹೊಂದದವರಿಗೆ ಇದೇ ದಾರಿ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಈಗ ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷದಲ್ಲಿರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ನಮ್ಮ ಹಳ್ಳಿಗಳ ಎಷ್ಟೋ ಹುಡುಗಿಯರಿಗೆ ಇದು ಅಳತೆ ಮಾಡಿ ಹೊಲಿಸಿದಂತಿದೆ. ರಿಲಯನ್ಸ್ ಫೌಂಡೇಶನ್ನಿನದು ಡಿಗ್ರಿ ಮೊದಲ ವರ್ಷದವರಿಗೆ, ಇಡೀ ಕೋರ್ಸಿಗೆ 2 ಲಕ್ಷದವರೆಗೆ. ಅದಕ್ಕೆ ಆನ್‌ಲೈನ್ ಪರೀಕ್ಷೆ ಬರೆಯಬೇಕು. ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್, ಸೀತಾರಾಮ್ ಜಿಂದಾಲ್ ಫೌಂಡೇಶನ್ನಿನ ಸ್ಕಾಲರ್‌ಶಿಪ್‌ಗಳನ್ನು ಮೇಲಿನ ವರ್ಷದವರೂ ನೋಡಬಹುದು. ಮನೆಯಲ್ಲಿ ದುಡಿಯುವವರು ತೀರಿಹೋಗಿ ಓದು ನಿಲ್ಲುವ ಸ್ಥಿತಿ ಬಂದವರಿಗೆ ಪರಿವರ್ತನ್‌ನಲ್ಲಿ ಆದ್ಯತೆ ಇದೆ.

ಇವುಗಳಲ್ಲಿ ನಿಮ್ಮ ಬಗ್ಗೆ ಬರೆಯಿರಿ ಅಂತ ಕೇಳುತ್ತಾರೆ. ಸೈಬರ್ ಸೆಂಟರಿನಲ್ಲಿ ಸಿಗುವ ರೆಡಿಮೇಡ್ ಇಂಗ್ಲಿಷ್ ಪ್ಯಾರಾ ಹಾಕಬೇಡಿ. 'ಅಪ್ಪನಿಗೆ ಎರಡು ಎಕರೆ ಒಣಬೇಸಾಯ, ಅಫಜಲಪುರದಿಂದ ದಿನಾ ಬಸ್ಸಿಗೆ ಬಂದು ಓದುತ್ತೇನೆ, ಬಸ್ ಪಾಸ್ ಮತ್ತು ಪುಸ್ತಕಕ್ಕೆ ಇಷ್ಟು ಬೇಕು' ಅಂತ ನಿಮಗೆ ಬರುವ ಇಂಗ್ಲಿಷಿನಲ್ಲೇ ಬರೆಯಿರಿ. ಓದುವವರಿಗೆ ಬೇಕಾದದ್ದು ಅದೇ.

ಹಣ ಬರದಿದ್ದರೆ

ಎಸ್‌ಎಸ್‌ಪಿಯಲ್ಲಿ ಅರ್ಜಿಯ ಸ್ಥಿತಿ ನೋಡಿ. ಕಾಲೇಜಿನ ಹಂತದಲ್ಲಿ ನಿಂತಿದ್ದರೆ ಕಾಲೇಜಿಗೆ ಹೋಗಿ. ಇಲಾಖೆಯ ಹಂತದಲ್ಲಿದ್ದರೆ ತಾಲೂಕಿನ ಅಥವಾ ಜಿಲ್ಲೆಯ ಆ ಇಲಾಖೆಯ ಕಚೇರಿಗೆ. ತಿರಸ್ಕೃತ ಅಂತಿದ್ದರೆ ಕಾರಣ ಓದಿ, ಬಹಳ ಸಲ ಅದು ತಿದ್ದಬಹುದಾದದ್ದೇ ಆಗಿರುತ್ತದೆ. ಮಂಜೂರಾಗಿ ಹಣ ಬಂದಿಲ್ಲ ಅಂದರೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಪಾವತಿ ವಿವರ ನೋಡಿ, ಯಾವ ಬ್ಯಾಂಕಿಗೆ ಯಾವ ದಿನ ಹೋಯಿತು ಅಂತ ತೋರಿಸುತ್ತದೆ. ಕಚೇರಿಗೆ ಹೋಗುವಾಗ ಸ್ವೀಕೃತಿ ಪತ್ರ, ಆಧಾರ್, ಪಾಸ್‌ಬುಕ್, ಸೀಡಿಂಗ್ ಸ್ಟೇಟಸಿನ ಪ್ರಿಂಟ್ ಒಯ್ಯಿರಿ. ಬಾಯಿಮಾತಿನಲ್ಲಿ ಮುಗಿಸದೆ ಒಂದು ಪುಟದ ಮನವಿ ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಕೊನೇ ವರ್ಷದಲ್ಲಿರುವ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಪ್ರೋತ್ಸಾಹಧನ ಅಂತ ಇನ್ನೊಂದು ಇದೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಡಿಗ್ರಿಗೆ 25,000, ಸ್ನಾತಕೋತ್ತರಕ್ಕೆ 30,000, ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಪಶುವೈದ್ಯಕೀಯಕ್ಕೆ 35,000 ರೂಪಾಯಿ. ದ್ವಿತೀಯ ಪಿಯುಸಿ ಮತ್ತು ಡಿಪ್ಲೊಮಾಗೂ 20,000 ಇದೆ. ಇದು ಸ್ಕಾಲರ್‌ಶಿಪ್ ಜೊತೆ ತಾನೇ ಬರುವುದಿಲ್ಲ, ಫಲಿತಾಂಶ ಬಂದ ಮೇಲೆ ನಿಮ್ಮ ಇಲಾಖೆಯ ವೆಬ್‌ಸೈಟಿನಲ್ಲಿ ಬೇರೆ ಅರ್ಜಿ ಹಾಕಬೇಕು. ಕಾಲೇಜ್ ಮುಗಿದ ಖುಷಿಯಲ್ಲಿ ಸಿಮ್ ಬದಲಿಸಿ, ಖಾತೆ ಮುಚ್ಚಿ, ಬೆಂಗಳೂರಿಗೆ ಹೋಗುವ ಮೊದಲು ಈ ಅರ್ಜಿ ಹಾಕಿ ಹೋಗಿ.